ಮೂರು ಕೆಂಪು ಎತ್ವ

ಜೀವಮಾನವಿಡೀ ಫ್ಲೆಕ್ಸಿಗೆ ಬೈದ ಮನುಷ್ಯನ ಶ್ರದ್ಧಾಂಜಲಿ ಫ್ಲೆಕ್ಸು ಮಾಡಿಕೊಟ್ಟವನು ನಾನು. ಹೋದ ತಿಂಗಳು ಕುರುಗೋಡಿನಿಂದ ಅವರ ಭಾವಮೈದುನ ಫೋನು ಮಾಡಿ, “ನಿಮ್ಮ ಪೇಂಟರ್ ಮಾಮ ಹೋಗಿಬಿಟ್ರಪ” ಅಂದರು. ನನ್ನ ಬಾಯಿಂದ ಮೊದಲು ಹೊರಟ ಮಾತು, “ಎಷ್ಟು ಅಡಿ ಬೇಕ್ರಿ?” ಆರೇಳು ವರ್ಷ ಫ್ಲೆಕ್ಸ್ ಅಂಗಡಿಯಲ್ಲಿ ಕೂತವನ ನಾಲಿಗೆ ಸಾವಿನ ಸುದ್ದಿಗೆ ಹಾಗೆಯೇ ಹೊರಳುತ್ತದೆ. ಅಳು ಆಮೇಲೆ ಬಂತು.

ಆ ಫ್ಲೆಕ್ಸನ್ನು ಮೂರು ಸಲ ಪ್ರಿಂಟು ಹಾಕಿದೆ. ಮೊದಲ ಸಲ ಫಾಂಟು ಕೈಕೊಟ್ಟು ಒತ್ತಕ್ಷರಗಳೆಲ್ಲ ಉದುರಿ ‘ಶದಾಂಜಲಿ’ ಎಂದು ಬಂತು. ಪಕ್ಕದ ಗೋಡೆಯಾಚೆಯಿಂದ ಅವರ ದನಿ ಕೇಳಿದ ಹಾಗಾಯಿತು: “ಯಾರಲೇ ಈ ಶದಾಂಜಲಿ? ಯಾರ ಮಗಳು?” ಎರಡನೆಯ ಸಲ ಒತ್ತು ಬಂತು, ಫೋಟೋ ಕೆಟ್ಟಿತು. ಅವರ ಫೋಟೋ ಅಂತ ಯಾರ ಹತ್ತಿರ ಇದ್ದದ್ದೂ ಬೆನ್ನಿನವೇ. ಗೋಡೆಗೆ ಮುಖ, ನಮಗೆ ಬೆನ್ನು, ಕಿವಿಯ ಮೇಲೊಂದು ಬ್ರಷ್ಷು. ಕೊನೆಗೆ ಆಧಾರ್ ಕಾರ್ಡಿನ ಫೋಟೋವನ್ನೇ ಹಿಗ್ಗಿಸಿದೆ. ಅದರಲ್ಲಿ ಅವರು, ಯಾರೋ ತಪ್ಪು ಬರೆದ ಬೋರ್ಡು ಓದುತ್ತಿರುವವರ ಹಾಗಿದ್ದಾರೆ.

ಬಳ್ಳಾರಿಯ ಗಾಂಧಿನಗರದಲ್ಲಿ ನಾಲ್ಕು ವರ್ಷದ ಹಿಂದಿನ ತನಕ ಅವರ ಅಂಗಡಿಗೂ ನಮ್ಮ ಅಂಗಡಿಗೂ ಒಂದೇ ಗೋಡೆ. ಬೋರ್ಡು ಬರೆಯುವವರ ಮಗ್ಗುಲಿಗೇ ಫ್ಲೆಕ್ಸ್ ಮಷಿನ್ ತಂದು ಇಟ್ಟದ್ದು ನಮ್ಮ ಓನರಿನ ಬುದ್ಧಿ. ಅದರ ಮುಂದೆ ಕೂತು ಅವರ ಗಿರಾಕಿಗಳನ್ನು ಒಬ್ಬೊಬ್ಬರನ್ನಾಗಿ ನುಂಗಿದ್ದು ನನ್ನ ದುಡಿಮೆ. ಬಿಡುವಿನಲ್ಲಿ ನಾನು ಮದುವೆ ಆರ್ಕೆಸ್ಟ್ರಾಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ನಾಯಿ, ಕೆಟ್ಟು ನಿಂತ ಬಸ್ಸು, ಭಾಷಣ ಬಿಗಿಯುವ ಪುಢಾರಿ, ನಮ್ಮ ಓನರು, ಎಲ್ಲರ ದನಿಯೂ ಬರುತ್ತದೆ. ನಿನ್ನ ಸ್ವಂತ ದನಿ ಯಾವುದು ಎಂದು ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತದೆ. ಮಾಮ ನನ್ನನ್ನು ‘ರೇಡಿಯೋ’ ಎಂದು ಕರೆಯುತ್ತಿದ್ದರು. “ಲೇ ರೇಡಿಯೋ, ಸ್ವಲ್ಪ ಆಫ್ ಆಗು. ಇಲ್ಲಿ ‘ಳ’ ಬರಿಯಾಕ ಹತ್ತೀನಿ, ಕೈ ನಗತೈತಿ.”

ಅವರದೊಂದು ಪದ್ಧತಿ ಇತ್ತು. ಗಿರಾಕಿ ಅಂಗಡಿಯ ಹೆಸರನ್ನು ಚೀಟಿಯಲ್ಲಿ ಬರೆದು ತಂದರೆ ಮುಟ್ಟುತ್ತಿರಲಿಲ್ಲ. “ಚೀಟಿ ಕಿಸೆದಾಗ ಇಟ್ಕೊಳ್ರಿ. ಬಾಯಿಲೆ ಹೇಳ್ರಿ.” ಗಿರಾಕಿ ಹೇಳುತ್ತಿದ್ದ. “ಇನ್ನೊಮ್ಮಿ.” ಮತ್ತೆ ಹೇಳುತ್ತಿದ್ದ. “ಇನ್ನೊಮ್ಮಿ ಹೇಳ್ರಿ.” ಮೂರು ಸಲ ಕೇಳಿದ ಮೇಲೆಯೇ “ತಿಳೀತು” ಅಂತ ತಲೆ ಆಡಿಸುವುದು. ಎದೆ ಸೆಟೆಸಿ ಹೇಳಿದವನಿಗೆ ದಪ್ಪ ಅಕ್ಷರ. ಹೊಸದಾಗಿ ಅಂಗಡಿ ಹಾಕಿ ಅಂಜುತ್ತಾ ಹೇಳಿದವನಿಗೆ ಸಣ್ಣ, ದುಂಡನೆಯ ಅಕ್ಷರ. ಹೆಂಡತಿಯ ಹೆಸರಿಟ್ಟು ನಾಚಿಕೊಂಡವನಿಗೆ ಸುತ್ತ ಎರಡು ಹೂವು ಪುಕ್ಕಟೆ. ನಾನು ಅವರಿಗೆ ಕಿವಿ ಮಂದ ಅಂದುಕೊಂಡಿದ್ದೆ. ಅಂಗಡಿಗೆ ಬಂದವರ ಮುಂದೆಲ್ಲ ಕಿವಿಗೆ ಕೈ ಹಚ್ಚಿ, “ಇನ್ನೊಮ್ಮಿ ಹೇಳ್ರಿ” ಅಂತ ಅಣಕಿಸಿ ನಗಿಸುತ್ತಿದ್ದೆ. ಯಾರ ಕಿವಿ ಮಂದ ಅಂತ ತಿಳಿಯಲು ನನಗೆ ನಾಲ್ಕು ವರ್ಷ ಹಿಡಿಯಿತು.

ಇನ್ನೊಂದು ಪದ್ಧತಿ, ಅಕ್ಷರಗಳನ್ನು ಮೊದಲು ಬೋಳಾಗಿ ಬರೆಯುವುದು. ನೆತ್ತಿಯ ಮೇಲೆ ಬರುವ ತಲೆಕಟ್ಟು, ಇಕಾರದ ಗುಡಿಸು, ಎಕಾರದ ಎತ್ವ ಎಲ್ಲ ಕಟ್ಟಕಡೆಗೆ, ಒಂದೇ ಉಸಿರಿಗೆ. “ತಲಿಕಟ್ಟು ಇಲ್ಲದ ಅಕ್ಷರ ಅಂದ್ರ ಟೊಪಿಗಿ ಇಲ್ಲದ ಪೊಲೀಸು ಇದ್ದಂಗ. ಯಾರೂ ಹೆದರಂಗಿಲ್ಲ” ಅನ್ನುತ್ತಿದ್ದರು. ನಮ್ಮ ಕಡೆ ಅರ್ಧ ಬೋರ್ಡು ಕನ್ನಡ, ಅರ್ಧ ತೆಲುಗು. ಗ, ದ, ಪ, ಯ, ರ ಇವುಗಳ ಮೈ ಎರಡು ಭಾಷೆಗೂ ಹೆಚ್ಚುಕಡಿಮೆ ಒಂದೇ. ತಲೆಯಲ್ಲಿ ಮಾತ್ರ ಭೇದ. ತೆಲುಗಿನ ತಲೆಕಟ್ಟು ಮಾಸ್ತರು ಹಾಕುವ ರೈಟು ಗುರುತಿನ ಹಾಗೆ ಮೇಲಕ್ಕೆ ಚಿಮ್ಮಿರುತ್ತದೆ, ಕನ್ನಡದ್ದು ಸುಮ್ಮನೆ ಮಲಗಿರುತ್ತದೆ.

ಒಮ್ಮೆ ನನ್ನ ಬೈಕಿನಲ್ಲಿ ಅವರನ್ನು ಸಿರುಗುಪ್ಪಕ್ಕೆ ಕರೆದುಕೊಂಡು ಹೋಗಿದ್ದೆ. ರಸ್ತೆ ಪಕ್ಕದ ಒಂದು ಅಕ್ಕಿ ಗಿರಣಿಯ ಬೋರ್ಡು. ಮಾಮ ಬೋಳು ಅಕ್ಷರ ಬರೆದು ಮುಗಿಸಿದ ಹೊತ್ತಿಗೆ ಗಿರಣಿಯ ಅಪ್ಪ ಮಗನಿಗೆ ಜಗಳ ಹತ್ತಿತು. ಅಪ್ಪ “ತೆಲುಗುಲೋನೇ ರಾಯಾಲಿ” ಅಂತ ಕೋಲು ಕುಟ್ಟುತ್ತಾನೆ. ಮಗ “ಕನ್ನಡ ಇರ್ಲಿಲ್ಲಂದ್ರ ಪಂಚಾಯ್ತಿಯೋರು ಬಂದು ಕಿತ್ತು ಒಗೀತಾರ” ಅನ್ನುತ್ತಾನೆ. ಮಾಮ ಏಣಿಯ ಮೇಲೇ ಕೂತು ಬೀಡಿ ಹಚ್ಚಿದರು. “ಜಗಳ ಮುಗಿಸ್ಕೊಂಡು ಹೇಳ್ರಿ. ಅಲ್ಲೀತನ ಇದು ಯಾರ ಭಾಷೆನೂ ಅಲ್ಲ.” ಜಗಳ ಮುಗಿಯುವ ಲಕ್ಷಣ ಕಾಣಲಿಲ್ಲ. ಇಳಿದು ಬಂದು ತಗಡಿನ ಹಿಂಬದಿಗೂ ಬಿಳಿ ಬಣ್ಣ ಬಳಿದರು. ಬಳ್ಳಾರಿಯಿಂದ ಬರುವವರಿಗೆ ಕನ್ನಡ, ಆದೋನಿಯಿಂದ ಬರುವವರಿಗೆ ತೆಲುಗು. ಅಪ್ಪ ಒಂದು ಕಡೆ ನಿಂತು ಸಂತೋಷಪಟ್ಟ, ಮಗ ಇನ್ನೊಂದು ಕಡೆ. ಹಿಂತಿರುಗುವಾಗ ಮಾಮ ನನ್ನ ಬೆನ್ನ ಹಿಂದಿನಿಂದ ಅಂದರು, “ಎಲ್ಲಾ ಜಗಳನೂ ತಲಿ ಮ್ಯಾಲಿಂದು ಲೇ. ಮೈಯಾಗ ಏನೂ ಇಲ್ಲ.” ನಾನು ಅದನ್ನು ಅವರದೇ ದನಿಯಲ್ಲಿ ಹೇಳಿ ತೋರಿಸಿದೆ. ಬೆನ್ನಿಗೊಂದು ಗುದ್ದು ಬಿತ್ತು.

ಅವರ ಮನೆ ಅಂಗಡಿಯ ಹಿಂದಿನ ಒಂದು ಕೋಣೆ. ಗೋಡೆ ತೆಳು. ಗಂಡ ಹೆಂಡತಿಯ ಒಂದೇ ಒಂದು ಖಾಯಂ ಜಗಳ ನನಗೆ ಬಾಯಿಪಾಠವಾಗಿತ್ತು. ಅವರ ಹೆಂಡತಿಯನ್ನು ನಾನು ಅತ್ತಿ ಅನ್ನುತ್ತಿದ್ದೆ. ಅತ್ತಿಯ ತವರು ಕುರುಗೋಡು.

“ಇಲ್ಲಿ ಏನೈತಿ ಇನ್ನ? ಬೋರ್ಡು ಕೇಳಾಕ ಒಬ್ಬ ನರಮನುಷ್ಯ ಬರವಲ್ಲ. ನಮ್ಮೂರಿಗೆ ಹೋಗಾಣ ನಡೀರಿ. ಕೆರಿ ಗಾಳಿಗೆ ಕುಂತರೂ ಜೀವ ತಣ್ಣಗ ಇರತೈತಿ.”

“ಹೆಂಡ್ತಿ ಊರಿಗೆ ಹೋಗಿ ಕುಂತ್ರ ಜನ ಏನಂತಾರ? ಇಷ್ಟು ವಯಸ್ಸಿಗೆ ಮನಿ ಅಳಿಯ ಆಗಲೇನು?”

ಇದು ಮೂವತ್ತು ವರ್ಷದಿಂದ ನಡೆದ ಜಗಳವಂತೆ. ಇಬ್ಬರ ಪಾತ್ರವನ್ನೂ ನಾನೇ ಮಾಡಿ ಚಹಾದಂಗಡಿಯಲ್ಲಿ ತೋರಿಸುತ್ತಿದ್ದೆ. ಒಳ್ಳೆಯ ಕಲೆಕ್ಷನ್ ಆಗುತ್ತಿತ್ತು. ಅಂದರೆ ನಗೆಯ ಕಲೆಕ್ಷನ್.

ಹೀಗಿರುವಾಗ ಒಂದು ಮಧ್ಯಾಹ್ನ ನಾನು ಯಾರೋ ಪುಢಾರಿಯ ಹುಟ್ಟುಹಬ್ಬದ ಫ್ಲೆಕ್ಸು ಬಿಡಿಸಿ ಗಿರಾಕಿಗಳಿಗೆ ತೋರಿಸುತ್ತಿದ್ದೆ. ಮಾಮ ಬಾಗಿಲಲ್ಲಿ ಬಂದು ನಿಂತರು. ಒತ್ತು ಉದುರಿದ್ದನ್ನು ಇದ್ದ ಹಾಗೆಯೇ, ಮಗ್ಗಿ ಒಪ್ಪಿಸುವ ಹುಡುಗನ ದನಿಯಲ್ಲಿ ಓದಿದರು: “ಹುಟುಹಬದ ಶುಭಾಶಯಗಳು.” ಆಮೇಲೆ ಗಿರಾಕಿಗಳ ಕಡೆ ತಿರುಗಿ, “ಹುಟುಹಬ ಅಂದ್ರ ಯಾರ್ರಿ? ನಿಮ್ಮ ಲೀಡರ‍್ರ ಹೆಸರೇನು?” ಜನ ಬಿದ್ದು ಬಿದ್ದು ನಕ್ಕರು. ಊರವರನ್ನೆಲ್ಲ ಅಣಕಿಸುವ ನನ್ನನ್ನು ನನ್ನ ಅಂಗಡಿಯಲ್ಲೇ ಒಬ್ಬರು ಅಣಕಿಸಿದರೆ ಸಹಿಸಲು ಆಗುತ್ತದೆಯೇ? ಅಣಕಿಸುವವರಿಗೆ ತೊಗಲು ಭಾಳ ತೆಳು.

ಮರುದಿನ ಸೇಡು. ಓನರು ಡ್ರಾದಲ್ಲಿ ಎಸೆದಿದ್ದ ಹಳೆಯ ಫೋನು ತೆಗೆದುಕೊಂಡು, ಅಂಗಡಿಯ ಹಿಂದೆ ಬೈಕು ನಿಲ್ಲಿಸುವ ಜಾಗಕ್ಕೆ ಹೋಗಿ, ಮಾಮನ ನಂಬರಿಗೆ ಹಚ್ಚಿ, ಹೊಟ್ಟೆಯಿಂದ ಒಬ್ಬ ಸಾಹುಕಾರನ ದನಿ ಎಳೆದೆ. ಸಾಹುಕಾರ ಅಂದರೆ ದಪ್ಪ ದನಿ, ಪುಸ್ತಕದ ಕನ್ನಡ, ಹೀಗೆಂದು ನನ್ನ ಲೆಕ್ಕ.

“ನಮಸ್ಕಾರ. ನಾನು ಕುರುಗೋಡಿನಿಂದ ಮಾತನಾಡುತ್ತಿದ್ದೇನೆ. ನಮ್ಮ ಊರು ಈಗ ತಾಲ್ಲೂಕು ಆಗಿದೆ. ಬೋರ್ಡು ಬರೆಯುವವರು ಒಬ್ಬರೂ ಇಲ್ಲ. ಕೆರೆ ದಂಡೆಯಲ್ಲಿ ಮಳಿಗೆಗಳು ಖಾಲಿ ಇವೆ. ತಮ್ಮಂಥವರು ಬರಬೇಕು.”

ಆ ಕಡೆ ಬ್ರಷ್ಷನ್ನು ಡಬ್ಬಿಗೆ ಇಟ್ಟ ಸದ್ದಾಯಿತು. ಆಮೇಲೆ, “ಎಲ್ಲಿ ಅಂದ್ರಿ ಸಾಹುಕಾರ‍್ರ?”

“ಕೆರೆ ದಂಡೆಯಲ್ಲಿ.”

“ಇನ್ನೊಮ್ಮಿ ಹೇಳ್ರಿ.”

“ಕೆರೆ ದಂಡೆ.”

“ಇನ್ನೊಮ್ಮಿ.”

“ಕೆರೆ. ದಂಡೆ.”

“ತಿಳೀತ್ರಿ” ಅಂದರು ಮಾಮ, ಭಾಳ ವಿನಯದಿಂದ.

ನಾನು ನಗು ತಡೆದುಕೊಂಡು, ಸಂಜೆಯ ಚಹಾಕ್ಕೆ ಎಲ್ಲರ ಮುಂದೆ ಗುಟ್ಟು ಬಿಚ್ಚಬೇಕೆಂದು ಕಾದೆ. ಸಂಜೆ ಚಹಾದಂಗಡಿಗೆ ಹೋಗಿ ನೋಡಿದರೆ ಮಾಮ ನನಗಿಂತ ಮೊದಲೇ ಬಂದು, ಹೊಸ ಅಂಗಿ ತೊಟ್ಟು ನಡುವೆ ನಿಂತಿದ್ದಾರೆ. “ಕುರುಗೋಡಿನ ಸಾಹುಕಾರ‍್ರು ತಾವಾಗಿ ಕರಸ್ಯಾರ. ಒಲ್ಲೆ ಅನ್ನಾಕ ಬರ‍್ತೈತೇನ್ರಿ? ನಮ್ಮಂಥೋರು ಬೇಕಂತ ಅವರಿಗೆ.” ಚಹಾದಂಗಡಿಯವನು ಕೈ ಮುಗಿದ. ನಾನು ಚಹಾದ ಜೊತೆ ಗುಟ್ಟನ್ನೂ ನುಂಗಿದೆ. ನಾಳೆ ಹೇಳಿದರಾಯಿತು ಅಂದುಕೊಂಡೆ. ನಾಳೆಗೆ ಅವರು ಅಂಗಡಿ ಬಿಡುವ ಮಾತು ಮಾಲೀಕನಿಗೆ ಮುಟ್ಟಿಸಿಯಾಗಿತ್ತು. ಅತ್ತಿ ಪಾತ್ರೆಗಳನ್ನು ಗಂಟು ಕಟ್ಟುವ ಸದ್ದು ಗೋಡೆಯಾಚೆಯಿಂದ ಕೇಳುತ್ತಿತ್ತು. ಮೂವತ್ತು ವರ್ಷದ ಜಗಳ ಒಂದೇ ದಿನಕ್ಕೆ ನಿಂತುಹೋಗಿತ್ತು.

ಅರವತ್ತು ದಾಟಿದ ಮನುಷ್ಯನನ್ನು, ಇಲ್ಲದ ಸಾಹುಕಾರನ ಮಾತಿನ ಮೇಲೆ, ನಾನು ಊರು ಬಿಡಿಸಿದ್ದೆ. ಅಲ್ಲಿ ಹೋಗಿ ಆ ಸಾಹುಕಾರನನ್ನು ಹುಡುಕಿದರೆ? ಹೆಂಡತಿಯ ಊರಿನ ಜನರ ಮುಂದೆ ಅವರ ಮಾನ ಏನಾದೀತು? ಹೆದರಿದ ನಾನು ಇನ್ನೂ ದೊಡ್ಡ ಮೂರ್ಖತನ ಮಾಡಿದೆ. ಹೊರಡುವ ಹಿಂದಿನ ದಿನ ಮತ್ತೆ ಅದೇ ಫೋನಿನಿಂದ, ಅದೇ ದನಿಯಲ್ಲಿ, ನಾನು ಕೆಲಸದ ಮೇಲೆ ಹೈದರಾಬಾದಿಗೆ ಹೊರಟಿದ್ದೇನೆ, ಬರುವುದು ತಡ, ತಾವೇ ಒಂದು ಮಳಿಗೆ ನೋಡಿಕೊಳ್ಳಬೇಕು ಎಂದೆ.

“ಆಗಲ್ರಿ ಸಾಹುಕಾರ‍್ರ. ದನಿ ಯಾಕೋ ನಡುಗಾಕ ಹತ್ತೈತಿ. ಬಿಸಿನೀರು ಕುಡೀರಿ” ಅಂದರು.

ಅರ್ಧ ತಾಸಿಗೆ ನಮ್ಮ ಅಂಗಡಿಗೆ ಬಂದು ನನ್ನ ಮೇಜಿನ ಮೇಲೆ ಒಂದು ಲೋಟ ಶುಂಠಿ ಕಷಾಯ ಇಟ್ಟರು. “ನಿಮ್ಮತ್ತಿ ಮಾಡ್ಯಾಳ. ಕುಡಿ. ಗಂಟಲ ಮ್ಯಾಲೆ ಜೀವನ ಮಾಡೋನು ನೀನು.” ನಾನು ಕುಡಿದೆ. ಚೆನ್ನಾಗಿತ್ತು. ನನ್ನ ಬುದ್ಧಿ ಅಷ್ಟೇ ಚುರುಕು.

ಸಾಮಾನು ಸಾಗಿಸಲು ಕೊಳಗಲ್ಲಿನ ಒಂದು ಟೆಂಪೋ ಬಂತು. ಏಣಿ, ಡಬ್ಬಿಗಳು, ಬ್ರಷ್ಷಿನ ಟ್ರಂಕು, ಗ್ಯಾಸಿನ ಒಲೆ, ಅತ್ತಿಯ ತುಳಸಿ ಕುಂಡ. ಪಾಪಪ್ರಜ್ಞೆ ಜಾಸ್ತಿ ಆಗಿ ನಾನೂ ಹಿಂದೆ ಹತ್ತಿದೆ. ದಾರಿಯಲ್ಲಿ ಹೇಳಿಯೇ ತೀರುವುದು ಎಂದು. ನಾನು “ಮಾಮ” ಅಂತ ಬಾಯಿ ತೆರೆದಾಗಲೆಲ್ಲ ಅವರು, “ಲೇ, ಆ ಬಿಳಿ ಡಬ್ಬಿ ಹಿಡ್ಕ, ಚೆಲ್ಲತೈತಿ” ಅನ್ನುತ್ತಿದ್ದರು. ಡಬ್ಬಿ ಖಾಲಿ ಇತ್ತೆಂದು ಇಳಿಸುವಾಗ ನೋಡಿದೆ.

ಕುರುಗೋಡಿನಲ್ಲಿ ಇಳಿದವರು ಸಾಹುಕಾರನ ಹೆಸರು ಕೂಡ ವಿಚಾರಿಸಲಿಲ್ಲ. ಸೀದಾ ಕೆರೆಯ ಕಡೆ ನಡೆದರು, ಹಿಟ್ಟಿನ ಗಿರಣಿಯ ಮಗ್ಗುಲಿಗೆ ಬೀಗ ಹಾಕಿದ್ದ ಒಂದು ಕೋಣೆ ನೋಡಿದರು, ಗಿರಣಿಯ ಅಜ್ಜಿಯ ಜೊತೆ ಮಾತಾಡಿ ಗಟ್ಟಿ ಮಾಡಿಕೊಂಡರು. ನನಗೆ ಹೋದ ಜೀವ ಬಂತು. ಮುದುಕನಿಗೆ ಮರೆವು, ದೇವರು ದೊಡ್ಡವನು ಅಂದುಕೊಂಡೆ. ಅಷ್ಟರಲ್ಲಿ ಕಟ್ಟೆಯ ಮೇಲೆ ಕೂತಿದ್ದ ಒಬ್ಬ ಹಿರಿಯರು ಕೇಳಿಯೇಬಿಟ್ಟರು, “ಏನ್ರಿ ಅಳಿಯಂದಿರ, ಕಡೀಕ ಹೆಂಡ್ತಿ ಊರಿಗೆ ಬಂದ್ರ್ಯಾ?”

ಮಾಮ ಬೆನ್ನು ನೆಟ್ಟಗೆ ಮಾಡಿ ಹೇಳಿದರು, “ನಾ ಯಾಕ ಬರಲಿ? ಸಾಹುಕಾರ‍್ರು ಕರಸ್ಯಾರ. ಅವರು ಈಗ ಹೈದರಾಬಾದಿನಾಗ ಅದಾರ. ಬೇಕಂದ್ರ ಈ ಹುಡುಗನ್ನ ಕೇಳ್ರಿ. ಏನಲೇ ರೇಡಿಯೋ?”

“ಹೌದ್ರಿ, ಹೈದರಾಬಾದಿನಾಗ ಅದಾರ” ಅಂದೆ. ಆ ದಿನ ನನ್ನ ದನಿ ಯಾವ ಪ್ರಾಣಿಯದ್ದು ಎಂದು ಈಗಲೂ ಗೊತ್ತಾಗಿಲ್ಲ.

ವಾರದ ಮೇಲೆ ಹೋದಾಗ ಬೋರ್ಡು ಎದ್ದಿತ್ತು: ‘ಕೆರೆ ದಂಡೆ ಆರ್ಟ್ಸ್’. ಅಕ್ಷರಗಳೆಲ್ಲ ನೀಲಿ. ಕೆ, ರೆ, ಡೆ ಈ ಮೂರರ ನೆತ್ತಿಯ ಎತ್ವ ಮಾತ್ರ ಕೆಂಪು. ನಾನು ಸುಮ್ಮನಿರುವವನೇ? “ಮಾಮ, ನೀಲಿ ಖಾಲಿ ಆತೇನು, ಇಲ್ಲಾ ಕಣ್ಣಾಗ ಪೊರಿ ಬಂದೈತೋ?” ಅಂದೆ.

“ಕೆಂಪು ಉಳದಿತ್ತು” ಅಂದರು.

ಬೋರ್ಡಿನ ಕೆಳಗೆ ಬಾಗಿಲಿಗೊಂದು ಸ್ಲೇಟು ಒರಗಿತ್ತು. ಕೆರೆಗೆ ಹೋದಾಗ ತೂಗುಹಾಕಲು, ‘ಕೆರಿ ದಂಡಿಗೆ ಅದೀನಿ’ ಎಂದು ಬರೆದದ್ದು. ನನಗೆ ಹಬ್ಬವಾಯಿತು. “ಮ್ಯಾಲೆ ಕೆರೆ, ಕೆಳಗ ಕೆರಿ. ನಂಗೆ ಒತ್ತು ಹೇಳಿಕೊಡೋರು ನೀವು. ಎರಡರಾಗ ಒಂದು ತಪ್ಪೈತಿ ಮಾಮ.”

“ಎರಡೂ ಬರೋಬ್ಬರಿ ಐತಿ. ಸ್ಲೇಟು ನನ್ನ ಭಾಷೆ. ಬೋರ್ಡು ಸಾಹುಕಾರ‍್ರ ಭಾಷೆ.”

ಇಷ್ಟು ಬಿಡಿಸಿ ಹೇಳಿದರೂ ನನಗೆ ತಿಳಿಯಲಿಲ್ಲ. ಹಾಗಾದರೆ ಪಾಪ, ಇನ್ನೂ ಸಾಹುಕಾರನನ್ನು ನಂಬಿದ್ದಾರೆ ಎಂದು ಮರುಗುತ್ತಾ ಬಳ್ಳಾರಿ ಬಸ್ಸು ಹತ್ತಿದೆ.

ಮರುಗಿದ್ದರ ಫಲ, ನಮ್ಮ ಅಂಗಡಿಗೆ ಕುರುಗೋಡು ಕಡೆಯವರು ಯಾರು ಬಂದರೂ, “ಮಷಿನ್ ಕೆಟ್ಟೈತ್ರಿ. ನಿಮ್ಮೂರಾಗ ಕೆರಿ ಹತ್ರ ಪೇಂಟರ್ ಅದಾರಲ್ಲ, ಅಲ್ಲೇ ಬರಸ್ರಿ” ಅನ್ನತೊಡಗಿದೆ. ಒಂದು ದಿನ ಬೆನ್ನ ಹಿಂದೆ ನಿಂತ ಓನರು ಕೇಳಿಸಿಕೊಂಡು, “ಮಷಿನ್ ಕೆಟ್ಟಿಲ್ಲಲೇ, ನೀ ಕೆಟ್ಟೀ” ಅಂದರು. ಅದು ನಿಜ.

ಮಾಮನಿಗೆ ಅಲ್ಲಿ ಭಾರೀ ವ್ಯಾಪಾರವೇನೂ ಆಗಲಿಲ್ಲ. ಆದರೆ ಕೈ ಖಾಲಿಯೂ ಇರಲಿಲ್ಲ. ಟ್ರ್ಯಾಕ್ಟರ್ ಟ್ರಾಲಿಯ ಹಿಂದೆ ಮಕ್ಕಳ ಹೆಸರು, ಅಂಗನವಾಡಿ ಗೋಡೆಯ ಮೇಲೆ ವರ್ಣಮಾಲೆ, ಕೆರೆಯ ಏರಿಯ ಮೇಲೆ ‘ಇಲ್ಲಿ ಎಮ್ಮೆ ತೊಳೆಯಬಾರದು’. ಆ ಬೋರ್ಡಿನ ಕಂಬಕ್ಕೇ ಎಮ್ಮೆ ಕಟ್ಟುತ್ತಿದ್ದರು. ನಾನು ಅದನ್ನು ತೋರಿಸಿ ನಕ್ಕರೆ, “ಕಂಬ ಗಟ್ಟಿ ಐತಿ ಅಂತ ಅರ್ಥ” ಅಂದರು. ಮಧ್ಯಾಹ್ನ ಎರಡರ ಮೇಲೆ ಸ್ಲೇಟು ತೂಗುಹಾಕಿ ಗಂಡ ಹೆಂಡತಿ ಇಬ್ಬರೂ ಏರಿಯ ಮೇಲೆ ಹೋಗಿ ಕೂಡುತ್ತಿದ್ದರು. ಅತ್ತಿ ಊರಿನ ಒಬ್ಬೊಬ್ಬರ ಮನೆಯ ಸುದ್ದಿ ಹೇಳುವುದು, ಮಾಮ “ಇನ್ನೊಮ್ಮಿ ಹೇಳು” ಅನ್ನುವುದು.

ಒಂದು ಸಲ ನಾನೂ ಅಲ್ಲಿ ಕೂತಿದ್ದೆ. ಅತ್ತಿ ಮಂಡಕ್ಕಿ ತರಲು ಎದ್ದು ಹೋದಾಗ ಧೈರ್ಯ ಮಾಡಿದೆ. “ಮಾಮ, ಆ ಸಾಹುಕಾರ‍್ರ ವಿಷಯ ಒಂದು ಹೇಳೋದೈತಿ.”

ಅವರು ನೀರಿನ ಕಡೆಯೇ ನೋಡುತ್ತಾ ಅಂದರು, “ಹೇಳಬ್ಯಾಡ. ಅವರು ದೊಡ್ಡೋರು. ಅವರು ಕರಸ್ಯಾರ ಅನ್ನೋದರ ಮ್ಯಾಲೆ ನಾ ಈ ಊರಾಗ ಮರ್ಯಾದಿಲೆ ಕುಂತೀನಿ. ಇಲ್ಲಂದ್ರ ಮನಿ ಅಳಿಯ. ತಿಳೀತಾ?”

“ತಿಳೀತು” ಅಂದೆ. ಏನೂ ತಿಳಿದಿರಲಿಲ್ಲ. ಅವರ ನಂಬಿಕೆಯನ್ನು ನಾನು ಕಾಪಾಡುತ್ತಿದ್ದೇನೆ ಎಂಬ ಜಂಬದಲ್ಲಿ ಎರಡು ಮುಷ್ಟಿ ಮಂಡಕ್ಕಿ ಹೆಚ್ಚೇ ತಿಂದೆ.

ಮಾಮ ತೀರಿಕೊಂಡ ಹನ್ನೊಂದನೆಯ ದಿನಕ್ಕೆ ನಾನೇ ಫ್ಲೆಕ್ಸು ಸುತ್ತಿಕೊಂಡು ಹೋಗಿ ಅಂಗಡಿಯ ಮುಂದೆ ಕಟ್ಟಿದೆ. ಬೋರ್ಡನ್ನು ಮುಚ್ಚದ ಹಾಗೆ ಕೆಳಗೆ. ಬಾಗಿಲಿನ ಸ್ಲೇಟನ್ನು ಯಾರೂ ಒರೆಸಿರಲಿಲ್ಲ. ಊಟ ಮುಗಿದು ಜನ ಕರಗಿದ ಮೇಲೆ ಅತ್ತಿ ಒಳಗೆ ಬಣ್ಣದ ಡಬ್ಬಿಗಳ ನಡುವೆ ಕೂತಿದ್ದರು. ನಾನು ಎದುರಿಗೆ ಕೂತೆ. ಅವರೇ ಅಂದರು:

“ತಮ್ಮಾ, ಆ ಸಾಹುಕಾರ‍್ರ ದನಿ ಒಮ್ಮಿ ಮಾಡಪ.”

“ಯಾವ ಸಾಹುಕಾರ‍್ರು ಅತ್ತಿ?”

“ಸಾಕು ಬಿಡು. ಅವತ್ತು ಫೋನು ಇಟ್ಟ ಕೂಡ್ಲೆ ಒಳಗ ಬಂದು ಹೇಳಿದ್ರು. ‘ಬಾಜು ಅಂಗಡಿ ರೇಡಿಯೋ ಸಾಹುಕಾರ ಆಗ್ಯಾನ. ಮೂರು ಸಲ ಹೇಳಿಸಿದೆ, ಮೂರು ಸಲನೂ ಕೆರೆ ಅಂತಾನ, ದಂಡೆ ಅಂತಾನ. ನಿಮ್ಮೂರಾಗ ಹುಟ್ಟಿದ ಯಾವ ಸಾಹುಕಾರನೂ ಹಂಗ ಅನ್ನಂಗಿಲ್ಲ. ಇರ್ಲಿ, ಕರದಾನಲ್ಲ, ಗಂಟು ಕಟ್ಟು’ ಅಂತ.”

ನಾನು ತಲೆ ಎತ್ತಲಿಲ್ಲ. ಹೊರಗೆ, ಬಾಗಿಲ ನೆತ್ತಿಯ ಮೇಲೆ, ಆ ಮೂರು ಕೆಂಪು ಎತ್ವಗಳಿದ್ದವು. ನಾಲ್ಕು ವರ್ಷ ಅವುಗಳ ಕೆಳಗೇ ಓಡಾಡಿ, ಕಣ್ಣಿನ ಪೊರೆ ಅಂತ ನಕ್ಕಿದ್ದೆ.

“ನಾ ಮೂವತ್ತು ವರ್ಷ ಕರದೆ, ಬರಲಿಲ್ಲ. ನಿನ್ನ ಒಂದು ಸುಳ್ಳಿಗೆ ಬಂದ್ರು” ಅಂದರು ಅತ್ತಿ. ದನಿಯಲ್ಲಿ ಸಿಟ್ಟಿರಲಿಲ್ಲ. “ಊಟಕ್ಕ ಕುಂತಾಗ ಮಾಡ್ತಿದ್ರು. ನೀ ಮಾಡಿದಂಗ, ಎದಿ ಉಬ್ಬಿಸಿ, ‘ತಮ್ಮಂಥವರು ಬರಬೇಕು’ ಅಂತ. ನಾ ನಕ್ಕು ನಕ್ಕು ನೀರು ನೆತ್ತಿಗೇರ‍್ತಿತ್ತು. ಒಮ್ಮಿ ಮಾಡು, ಕೇಳಬೇಕನಸೈತಿ.”

ಹತ್ತು ಊರು ಸುತ್ತಿ ಜನರನ್ನು ಅಣಕಿಸಿದವನು ನಾನು. ನನ್ನನ್ನು ಒಬ್ಬರು ನಾಲ್ಕು ವರ್ಷ, ರೊಟ್ಟಿಯ ತಟ್ಟೆಯ ಮುಂದೆ, ಒಬ್ಬಳೇ ಪ್ರೇಕ್ಷಕಿಗಾಗಿ ಅಣಕಿಸಿದ್ದರು. ಎದ್ದು ನಿಂತೆ. ಎದೆ ಉಬ್ಬಿಸಿದೆ. ಹೊಟ್ಟೆಯಿಂದ ದನಿ ಎಳೆದೆ.

“ನಮಸ್ಕಾರ. ನಾನು ಕುರುಗೋಡಿನಿಂದ ಮಾತನಾಡುತ್ತಿದ್ದೇನೆ...” ಅಲ್ಲಿಯವರೆಗೆ ಬಂತು. ಕೆರೆ ದಂಡೆ ಅನ್ನಲು ಬಾಯಿ ತೆರೆದರೆ ಎಷ್ಟು ಎಳೆದರೂ ಆ ಎತ್ವ ಹತ್ತಲಿಲ್ಲ. “ಕೆರಿ ದಂಡಿ” ಎಂದೇ ಬಂತು.

ಅತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡು, ತಲೆ ಒಂದು ಕಡೆ ವಾಲಿಸಿ ಕೇಳಿದರು.

“ನಿನಗಿಂತ ಅವರೇ ಚಲೋ ಮಾಡ್ತಿದ್ರು ಬಿಡು” ಅಂದರು.